ಮೋಟರ್ ಎತ್ತುವ ಮುನ್ನ

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ತಿಪಟೂರು ಕಡೆಯವರು ಅದನ್ನು ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ನೀರು ಕುಲುಕಿದ ಸದ್ದು ಬಂದರೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ತಿರುಳು ಮಾತ್ರ ಚಿಪ್ಪಿನ ಕೈ ಬಿಟ್ಟಿಲ್ಲ. ಒಳಗೆ ಮರದ ಗುಂಡು ಉರುಳಿದ ಹಾಗೆ ಲೊಟಲೊಟ ಎಂದರೆ ಉಂಡೆ ಕೊಬ್ಬರಿ ಸಿದ್ಧ; ಸುಲಿಯುವವರಿಗೆ ಹೇಳಿಕಳಿಸಬಹುದು.

ಹೊರಗಿನಿಂದ ಒಳಗಿನದನ್ನು ಊಹಿಸಬೇಕಾದ ಇನ್ನೊಂದು ವಸ್ತು ಈ ಸೀಮೆಯ ತೋಟತೋಟದಲ್ಲೂ ಇದೆ. 600, 800, ಕೆಲವೆಡೆ 1,000 ಅಡಿಯ ಕೊಳವೆ ಬಾವಿಯಲ್ಲಿ ಪೈಪಿನ ತುದಿಗೆ ತೂಗುಬಿಟ್ಟ ಸಬ್‌ಮರ್ಸಿಬಲ್ ಮೋಟರು. ಇಳಿಸಿದ ದಿನ ಪೂಜೆ ಮಾಡಿ ಕಳಿಸಿಕೊಟ್ಟವರು ಮತ್ತೆ ಅದರ ಮುಖ ನೋಡುವುದು ಕೆಟ್ಟಾಗಲೇ. ನೋಡುವುದೂ ಸಲೀಸಲ್ಲ. ಎತ್ತುವ ಗಾಡಿ ಬರಬೇಕು, ನಾಲ್ಕೈದು ಆಳು ಬೇಕು, 20 ಅಡಿಯ ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು. 800 ಅಡಿ ಎಂದರೆ 40 ಪೈಪು, 40 ಕಪ್ಲಿಂಗು, ಅರ್ಧ ದಿನ, ಆಮೇಲೆ ಬಿಲ್ಲು. ಇಷ್ಟೆಲ್ಲ ಆಗಿ ಮೇಲೆ ಬಂದ ಮೋಟರಿನ ಕಾಯಿಲ್ ಪರೀಕ್ಷೆ ಮಾಡಿದಾಗ ‘ಇದಕ್ಕೇನೂ ಆಗಿಲ್ವಲ್ಲ ಯಜಮಾನ್ರೇ’ ಎಂದು ಮೆಕ್ಯಾನಿಕ್ ಹೇಳಿದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಆ ಮಾತು ಅಪರೂಪದ್ದಲ್ಲ. ನೀರು ಬರಲಿಲ್ಲ ಎಂದಾಗ ಮೊದಲ ಬೈಗುಳ ಪಂಪಿಗೇ ಸಲ್ಲುತ್ತದೆ. ಆದರೆ ತಪ್ಪು ಹೆಚ್ಚಾಗಿ ಪಂಪಿನ ಎರಡು ತುದಿಗಳಲ್ಲಿ ಇರುತ್ತದೆ: ಒಂದೋ ಅದಕ್ಕೆ ಬರಬೇಕಾದ ಕರೆಂಟಿನಲ್ಲಿ, ಇಲ್ಲವೇ ಅದಕ್ಕೆ ಸಿಗಬೇಕಾದ ನೀರಿನಲ್ಲಿ.

ಇದು ಹಳೆಯ ಸಂಗತಿ. 1638ರಲ್ಲಿ ಅಚ್ಚಾದ ಗೆಲಿಲಿಯೊನ ಕೊನೆಯ ದೊಡ್ಡ ಪುಸ್ತಕದಲ್ಲಿ ಒಂದು ಕೆಟ್ಟ ಪಂಪಿನ ಪ್ರಸಂಗ ಬರುತ್ತದೆ. ಸಂಭಾಷಣೆಯ ಪಾತ್ರಗಳಲ್ಲೊಬ್ಬನಾದ ಸಾಗ್ರೆಡೊ ತನ್ನ ಪಂಪು ಕೈಕೊಟ್ಟಿತೆಂದು ಕೆಲಸಗಾರನನ್ನು ಕರೆಸುತ್ತಾನೆ. ಬಂದವನು ನೋಡಿ, ಪಂಪು ಸರಿಯಾಗಿಯೇ ಇದೆ, ಬಾವಿಯ ನೀರು ಕೆಳಗಿಳಿದಿದೆ, 18 ಮೊಳಕ್ಕಿಂತ ಆಳದ ನೀರನ್ನು ಯಾವ ಪಂಪೂ ಹೀರಲಾರದು ಎನ್ನುತ್ತಾನೆ. ಯಾಕೆ ಎಂಬುದು ಕೆಲಸಗಾರನಿಗಷ್ಟೇ ಅಲ್ಲ, ಗೆಲಿಲಿಯೊನಿಗೂ ಸರಿಯಾಗಿ ಹೊಳೆದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಟೊರಿಚೆಲ್ಲಿ ಪಾದರಸದ ಕೊಳವೆ ಹಿಡಿದು ಉತ್ತರ ಕಂಡುಕೊಂಡ. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ, ನೀರನ್ನು ಮೇಲಕ್ಕೆ ನೂಕುವುದು ಹೊರಗಿನ ಗಾಳಿಯ ಭಾರ. ಸಮುದ್ರಮಟ್ಟದಲ್ಲಿ ಆ ಭಾರ 10.3 ಮೀಟರ್ ನೀರನ್ನು ಹೊರಬಲ್ಲದು. ಸುಮಾರು 850 ಮೀಟರ್ ಎತ್ತರದಲ್ಲಿರುವ ತಿಪಟೂರಿನಲ್ಲಿ ಗಾಳಿ ತೆಳು, ಅಲ್ಲಿ ಲೆಕ್ಕ 9.3 ಮೀಟರಿಗೆ ಇಳಿಯುತ್ತದೆ. ಪೈಪಿನ ತಿಕ್ಕಾಟ, ಬೆಂಡು, ಸಣ್ಣಪುಟ್ಟ ಸೋರಿಕೆ ಕಳೆದರೆ ಕೈಗೆ ಸಿಗುವುದು ಆರು ಏಳು ಮೀಟರ್ ಮಾತ್ರ.

ಕಪಿಲೆ ಹೊಡೆಯುತ್ತಿದ್ದ ಬಾವಿಗಳಿಗೆ ಕರೆಂಟಿನ ಪಂಪು ಬಂದಾಗ ಈ ಆರು ಏಳು ಮೀಟರೇ ಎಲ್ಲವನ್ನೂ ತೀರ್ಮಾನಿಸಿತು. ನೀರು ಇಳಿದಂತೆ ಪಂಪೂ ಬಾವಿಯೊಳಗೆ ಇಳಿಯಿತು. ಗೋಡೆಗೆ ಕಲ್ಲು ಚಾಚಿ, ಅಟ್ಟಣೆ ಕಟ್ಟಿ, ಅದರ ಮೇಲೆ ಮೊನೊಬ್ಲಾಕ್ ಕೂರಿಸಿದರು. ತಳದ ಫುಟ್‌ವಾಲ್ವಿನ ನಾಲಗೆಗೆ ಒಂದು ಕಡ್ಡಿ ಸಿಕ್ಕಿಕೊಂಡರೆ ರಾತ್ರಿಯೆಲ್ಲ ಪೈಪಿನ ನೀರು ಸೋರಿ, ಬೆಳಿಗ್ಗೆ ಪಂಪು ಬರೀ ಗಾಳಿಯನ್ನು ಕಡೆಯುತ್ತಿತ್ತು. ಆಗ ಪಂಪಿನ ತಲೆಯ ಬಿರಡೆ ಬಿಚ್ಚಿ ಕೊಡ ಕೊಡ ನೀರು ಹೊಯ್ಯಬೇಕು. ಆ ನೀರಿಗೆ ಸಗಣಿ ಕದಡುವುದು ರೈತರ ರೂಢಿ. ಪೇಟೆಯವರು ಇದನ್ನು ಕಂಡು ನಕ್ಕದ್ದುಂಟು, ಆದರೆ ಸಗಣಿಯಲ್ಲಿರುವ ಹುಲ್ಲಿನ ನಾರು ವಾಲ್ವಿನ ಸಂದಿಗೆ ಹೋಗಿ ಕೂತು ಸೋರಿಕೆ ಕಟ್ಟುತ್ತದೆ. ಇದಕ್ಕಿಂತ ಅಗ್ಗದ ಸೀಲು ಇನ್ನೂ ಸಿಕ್ಕಿಲ್ಲ.

ಬಾವಿಗಳು ಬತ್ತಿ ಕೊಳವೆ ಬಾವಿ ಬಂದಾಗ ಹೀರುವ ವಿದ್ಯೆ ಉಪಯೋಗಕ್ಕೆ ಬರಲಿಲ್ಲ. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ ಹಳ್ಳಿಹಳ್ಳಿಗೂ ಬೋರ್‌ವೆಲ್ಲು, ಕೈಪಂಪು ಬಂದವು. ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಆ ಕೈಪಂಪಿನ ಸಿಲಿಂಡರು ಇರುತ್ತಿದ್ದುದು ನೀರಿನೊಳಗೆ. ಹೀರುವುದರ ಬದಲು ಕೆಳಗಿನಿಂದ ಎತ್ತುವ ಉಪಾಯ ಅದು. ಸಬ್‌ಮರ್ಸಿಬಲ್ಲಿನ ಉಪಾಯವೂ ಅದೇ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಅರ್ಮೆನಿಯ ಮೂಲದ ಎಂಜಿನಿಯರ್ ಆರ್ಮೈಸ್ ಅರುಟುನಾಫ್ ಮೋಟರನ್ನೇ ಪಂಪಿನ ಜತೆ ದ್ರವದೊಳಗೆ ಮುಳುಗಿಸುವ ಯೋಚನೆ ಮಾಡಿ, 1920ರ ದಶಕದಲ್ಲಿ ಅದನ್ನು ಅಮೆರಿಕದ ಎಣ್ಣೆ ಬಾವಿಗಳಿಗೆ ಇಳಿಸಿದ. ಅದರ ವಂಶಸ್ಥರೇ ಈಗ ಕೊಯಮತ್ತೂರಿನ ಕಾರ್ಖಾನೆಗಳಿಂದ ಲಾರಿ ಹತ್ತಿ ತಿಪಟೂರಿಗೆ ಬಂದಿಳಿಯುವುದು.

ಕೆಳಗಿರುವ ಮೋಟರಿನ ಸ್ವಭಾವ ಸ್ವಲ್ಪ ತಿಳಿದರೆ ಅದರ ಕಾಯಿಲೆ ಹಿಡಿಯುವುದು ಸುಲಭ. ತೋಳಿನಷ್ಟು ದಪ್ಪದ ಉದ್ದನೆಯ ಉಕ್ಕಿನ ಕೊಳವೆ. ಕೆಳಗರ್ಧ ಮೋಟರು, ಮೇಲರ್ಧ ಪಂಪು. ಪಂಪಿನಲ್ಲಿ ಒಂದರ ಮೇಲೊಂದು ಇಂಪೆಲ್ಲರ್ ಬಟ್ಟಲುಗಳು. ಒಂದೊಂದು ಸ್ಟೇಜು ನೀರನ್ನು ಸುಮಾರು 10 ಮೀಟರ್ ಮೇಲಕ್ಕೆ ದಾಟಿಸಿದರೆ, 20 ಸ್ಟೇಜು 200 ಮೀಟರ್. ಮನೆ ಕಟ್ಟುವಾಗ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ. ಮೋಟರಿನ ಹೊಟ್ಟೆಯಲ್ಲಿ ಎಣ್ಣೆಯಿಲ್ಲ, ನೀರೇ ತುಂಬಿರುತ್ತದೆ. ಇಡೀ ತೂಕ ಹೊರುವ ಬೇರಿಂಗು ತಿರುಗುವುದೂ ತೆಳ್ಳನೆಯ ನೀರಿನ ಪೊರೆಯ ಮೇಲೆ. ಮೈ ತಂಪಾಗುವುದು ಹೊರಗೆ ಹರಿದುಹೋಗುವ ಬೋರಿನ ನೀರಿನಿಂದ. ನೀರು ನಿಂತರೆ ತಂಪೂ ನಿಂತಿತು, ಕಾಯಿಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗತೊಡಗುತ್ತದೆ. ಡ್ರೈ ರನ್ ಎಂದು ಎಲ್ಲರೂ ಹೆದರುವುದು ಇದಕ್ಕೇ.

ಈಗ ರೋಗ ಪತ್ತೆಗೆ ಬರೋಣ. ತುರುವೇಕೆರೆ ರಸ್ತೆಯ ಯಾವುದೋ ತೋಟ, ಏಪ್ರಿಲ್ ತಿಂಗಳ ಒಂದು ರಾತ್ರಿ ಎಂದುಕೊಳ್ಳಿ. ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದೂ ಯಾವ ಹೊತ್ತಿಗೆಂದು ಹೇಳಲಾಗದು. ರಾತ್ರಿ ಎರಡಕ್ಕೆ ಪಂಪ್‌ಹೌಸಿನ ಮೂರು ಬಲ್ಬೂ ಹೊತ್ತುತ್ತವೆ, ಸ್ಟಾರ್ಟರು ‘ಟಪ್’ ಎನ್ನುತ್ತದೆ, ಕೆಳಗಿನಿಂದ ಗುಂಯ್ ಎಂಬ ಸದ್ದು. ಪೈಪಿನ ಬಾಯಲ್ಲಿ ನೀರಿಲ್ಲ. ಮಾಲೀಕ ಎತ್ತುವ ಗಾಡಿಯವರ ನಂಬರು ಹುಡುಕುತ್ತಾನೆ. ತೋಟದ ಆಳು ಮಾತ್ರ ಪೇನಲ್ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆಂಪ್ಸ್ ಮೀಟರಿಗೆ ಬ್ಯಾಟರಿ ಬಿಡುತ್ತಾನೆ.

ಆಳು ಮಾಡುತ್ತಿರುವುದೇ ಸರಿ. ಅಂಗೈಯಗಲದ ಆ ಗಡಿಯಾರ 800 ಅಡಿ ಕೆಳಗಿನ ನಾಡಿ. ಮೋಟರು ಸರಿಯಾಗಿ ಓಡುತ್ತಿರುವ ದಿನವೇ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೀಟು ಹಾಕಿಡುವವರಿದ್ದಾರೆ. ಜಾಣರು ಅವರು, ಏಕೆಂದರೆ ಕೆಟ್ಟ ದಿನ ಬರೇ ‘12’ ಎಂದು ಓದಿ ಏನೂ ತಿಳಿಯುವುದಿಲ್ಲ. ನಿನ್ನೆ ಎಷ್ಟಿತ್ತು ಎಂಬುದೇ ಮುಖ್ಯ.

ಮುಳ್ಳು ಗೀಟಿಗಿಂತ ಬಹಳ ಕೆಳಗಿದೆ, ನೀರಿಲ್ಲ. ತಿಣುಕುತ್ತಿರುವ ಮೋಟರು ಹೆಚ್ಚು ಕರೆಂಟು ತಿನ್ನಬೇಕಲ್ಲವೇ ಎಂದು ಅನಿಸುವುದು ಸಹಜ. ಆದರೆ ಇಂಪೆಲ್ಲರ್ ಪಂಪಿನ ರೀತಿ ಬೇರೆ: ನೀರು ಸಾಗದಿದ್ದರೆ ಅದಕ್ಕೆ ಕೆಲಸವೇ ಇಲ್ಲ, ಕೆಲಸವಿಲ್ಲದಿದ್ದರೆ ಕರೆಂಟೂ ಬೇಡ. ಹಾಗಾಗಿ ಕಡಿಮೆ ಆಂಪ್ಸ್ ಎಂದರೆ ಒಂದೋ ಬೋರಿನಲ್ಲಿ ನೀರು ಮುಗಿದಿದೆ, ಇಲ್ಲವೇ ಮೋಟರಿಗೂ ಪಂಪಿಗೂ ನಡುವಿನ ಶಾಫ್ಟು ತುಂಡಾಗಿದೆ, ಅಥವಾ ಎಲ್ಲೋ ವಾಲ್ವು ಮುಚ್ಚಿದೆ. ಮೊದಲೆರಡನ್ನು ಬೇರೆ ಮಾಡಲು ದುಡ್ಡಿನ ಖರ್ಚಿಲ್ಲ. ಆರು ಗಂಟೆ ಮೋಟರು ನಿಲ್ಲಿಸಿ ಮತ್ತೆ ಹಾಕಬೇಕು. ಹತ್ತು ನಿಮಿಷ ಚೆನ್ನಾಗಿ ಬಂದು ಆಮೇಲೆ ‘ಗ್ಯಾಪ್’ ಹೊಡೆಯಲು ಶುರುಮಾಡಿದರೆ, ಅಂದರೆ ಗಾಳಿ ಕೆಮ್ಮುತ್ತ ಬಿಟ್ಟುಬಿಟ್ಟು ಸುರಿದರೆ, ಪಂಪು ಗಟ್ಟಿಯಾಗಿದೆ, ಸಾಲದಾಗಿರುವುದು ಬೋರು. ಆರು ಗಂಟೆಯ ಮೇಲೂ ಹನಿ ಬರದೆ ಮುಳ್ಳು ತಳದಲ್ಲೇ ಮಲಗಿದ್ದರೆ ಶಾಫ್ಟಿನ ಮೇಲೆ ಅನುಮಾನ ಪಡಬಹುದು.

ಗ್ಯಾಪ್ ಹೊಡೆಯುವ ಬೋರಿಗೆ ದೊಡ್ಡ ಮೋಟರು ಬಿಡುವುದು ಈ ಸೀಮೆಯ ದೊಡ್ಡ ದಡ್ಡತನ. ಲೋಟಕ್ಕೆ ದಪ್ಪ ಕಡ್ಡಿ ಹಾಕಿ ಹೀರಿದರೆ ಪಾನಕ ಹೆಚ್ಚಾಗುವುದಿಲ್ಲ. ಗೇಟ್‌ವಾಲ್ವನ್ನು ಸ್ವಲ್ಪ ಬಿಗಿ ಮಾಡಿ, ಬೋರು ಕೊಡುವಷ್ಟನ್ನೇ ತೆಗೆದರೆ ನೀರು ಎಡೆಬಿಡದೆ ಬರುತ್ತದೆ, ಮೋಟರು ತಂಪಾಗಿರುತ್ತದೆ.

ಬೋರಿನ ನೀರನ್ನು ಇಲ್ಲಿ ಇಂಚಿನಲ್ಲಿ ಹೇಳುತ್ತಾರೆ: ‘ಎರಡು ಇಂಚು ನೀರು ಬಿತ್ತು.’ ಕೇಳಿದವರು ಪೈಪಿನ ಅಳತೆ ಎಂದುಕೊಳ್ಳುತ್ತಾರೆ. ಅದು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. ಲಾರ್ಡ್ ಕೆಲ್ವಿನ್‌ನ ಅಣ್ಣ ಜೇಮ್ಸ್ ಥಾಮ್ಸನ್ 19ನೇ ಶತಮಾನದ ನಡುವಿನಲ್ಲಿ ಈ ಕಚ್ಚಿನ ಮೇಲೆ ಪ್ರಯೋಗ ಮಾಡಿ ಹರಿವಿನ ಲೆಕ್ಕ ಕೊಟ್ಟ. ನೀರಿನ ಎತ್ತರ ಏರಿದಂತೆ ಕಚ್ಚಿನ ಅಗಲವೂ, ನೀರಿನ ವೇಗವೂ ಏರುವುದರಿಂದ ಲೆಕ್ಕ ನೇರವಾಗಿಲ್ಲ. ಒಂದು ಇಂಚೆಂದರೆ ಗಂಟೆಗೆ ಸುಮಾರು 510 ಲೀಟರ್. ಎರಡು ಇಂಚು ಅದರ ಎರಡರಷ್ಟಲ್ಲ, ಐದೂವರೆಗೂ ಹೆಚ್ಚು ಪಟ್ಟು, ಸುಮಾರು 2,900 ಲೀಟರ್. ಪಾತಿ ಮಾಡಿ ಹಾಯಿಸುವ ತೆಂಗಿಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಎಂಬ ಲೆಕ್ಕ ಹಿಡಿದರೆ, ಏಳು ಗಂಟೆ ಓಡುವ ಎರಡಿಂಚಿನ ಬೋರು 400 ಮರ ಸಾಕುತ್ತದೆ. ಅದೇ ಒಂದೂವರೆ ಇಂಚಿಗೆ ಇಳಿದರೆ 200 ಮರವೂ ಇಲ್ಲ. ‘ಅರ್ಧ ಇಂಚು ಇಳಿದಿದೆ ಅಷ್ಟೆ’ ಎನ್ನುವವನ ಅರ್ಧ ತೋಟ ಆಗಲೇ ಒಣಗಲು ಹೊರಟಿರುತ್ತದೆ, ಮತ್ತು ಅವನು ಪಂಪು ಬದಲಾಯಿಸುವ ಯೋಚನೆಯಲ್ಲಿರುತ್ತಾನೆ.

ಮುಳ್ಳು ಗೀಟಿಗಿಂತ ಮೇಲಿದ್ದರೆ ಕಣ್ಣು ಕರೆಂಟಿನ ಕಡೆ ಹೋಗಬೇಕು. 415 ವೋಲ್ಟ್ ಇರಬೇಕಾದ ಲೈನು, ಒಂದೇ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಜೋತುಬಿದ್ದ ಪಂಪುಗಳೆಲ್ಲ ಒಟ್ಟಿಗೆ ಎದ್ದಾಗ 340ಕ್ಕೆ ಕುಸಿಯುವುದುಂಟು. ಎಲ್ಲರ ಸ್ಟಾರ್ಟರೂ ‘ಆಟೋ’ದಲ್ಲಿದ್ದರೆ ಕರೆಂಟು ಬಂದ ಕ್ಷಣವೇ ಈ ನೂಕುನುಗ್ಗಲು. ಅದರ ಮೇಲೆ ಕೇಬಲ್ಲಿನ ಪಾಲು: 800 ಅಡಿ ಉದ್ದದ 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 15 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 25 ವೋಲ್ಟ್ ಕರಗುತ್ತದೆ. ಮೋಟರಿಗೆ ಮುಟ್ಟುವುದು 315. ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಪ್ರಕಾರ ಇಳಿಯುವುದರಿಂದ ಉಳಿದ ಬಲ ಶೇ. 58ರ ಆಸುಪಾಸು. ಹೊರೆ ಅಷ್ಟೇ ಇದೆ. ಆದ್ದರಿಂದ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಬಿಸಿಯಾಗುತ್ತದೆ.

ಮೂರರಲ್ಲಿ ಒಂದು ಫೇಸು ಹೋದರೆ ಇನ್ನೂ ಕಷ್ಟ. ಟಿಸಿಯ ಒಂದು ಫ್ಯೂಸು ಹಾರಿರುತ್ತದೆ, ಓಡುತ್ತಿದ್ದ ಮೋಟರು ನಿಲ್ಲದೆ ಉಳಿದೆರಡು ಫೇಸಿನಲ್ಲೇ ಏದುಸಿರು ಬಿಡುತ್ತ ಓಡುತ್ತದೆ. ಅಷ್ಟೇ ಕೆಲಸಕ್ಕೆ ಆ ಎರಡು ತಂತಿಗಳಲ್ಲಿ ಸುಮಾರು 1.73 ಪಟ್ಟು ಕರೆಂಟು ಬೇಕು. ಬಿಸಿ ಹುಟ್ಟುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಮೂರು ಪಟ್ಟು. ಕೆಲವೇ ನಿಮಿಷಗಳಲ್ಲಿ ಕಾಯಿಲ್ ಕರಿ. ಇದನ್ನು ತಡೆಯುವ ಸಣ್ಣ ಪೆಟ್ಟಿಗೆ ಪೇನಲ್ಲಿನಲ್ಲಿ ಇದ್ದೇ ಇರುತ್ತದೆ. ‘ಸುಮ್‌ಸುಮ್ನೆ ಟ್ರಿಪ್ ಆಗುತ್ತೆ’ ಎಂದು ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟಿರುವ ಪೇನಲ್ಲುಗಳೂ ಬೇಕಾದಷ್ಟಿವೆ. ರೀವೈಂಡಿಂಗ್ ಅಂಗಡಿಗಳು ನಡೆಯುವುದೇ ಈ ನೇರ ತಂತಿಗಳಿಂದ.

ಮೂರೂ ಫೇಸಿನ ಆಂಪ್ಸ್ ಬೇರೆಬೇರೆ ತೋರಿಸಿದಾಗ ತಪ್ಪು ಲೈನಿನದೋ ಮೋಟರಿನದೋ? ಇಲ್ಲೊಂದು ಚಂದದ ಪರೀಕ್ಷೆಯಿದೆ. ಕಲಿತ ಎಲೆಕ್ಟ್ರಿಷಿಯನ್ ಮೇನ್ ಇಳಿಸಿ ಮಾಡಬೇಕಾದದ್ದು. ಮೋಟರಿಗೆ ಹೋಗುವ ಮೂರು ತಂತಿಯನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸುವುದು. ಚೌಕಾಬಾರದ ಕಾಯಿ ನಡೆಸಿದ ಹಾಗೆ. ಮತ್ತೆ ಓಡಿಸಿ ನೋಡಿದಾಗ ಹೆಚ್ಚಿನ ಆಂಪ್ಸ್ ಮೊದಲಿನ ಲೈನಿನಲ್ಲೇ ಉಳಿದಿದ್ದರೆ ಟಿಸಿ ಕಡೆಯ ದೋಷ, ಲೈನ್‌ಮನ್‌ಗೆ ಹೇಳಬೇಕು. ಅದು ತಂತಿಯ ಬೆನ್ನು ಹತ್ತಿ ಮುಂದಿನ ಮನೆಗೆ ಬಂದಿದ್ದರೆ ಕೇಬಲ್ಲೋ ಮೋಟರೋ ಕೆಟ್ಟಿದೆ, ಗಾಡಿಯವರಿಗೆ ಹೇಳಬೇಕು. ಎರಡೇ ತಂತಿ ಅದಲುಬದಲಾದರೆ ಮಾತ್ರ ಮೋಟರು ಹಿಂದಕ್ಕೆ ತಿರುಗುತ್ತದೆ.

ಹಿಂದಕ್ಕೆ ತಿರುಗುವುದೂ ಒಂದು ಕಾಯಿಲೆಯೇ. ಸುಟ್ಟ ಟಿಸಿ ಬದಲಾಯಿಸಿದ ಮರುದಿನ ನಾಲ್ಕಾರು ತೋಟದವರು ಒಟ್ಟಿಗೆ ‘ಮೋಟರು ಓಡ್ತದೆ, ನೀರು ಸಣ್ಣಗೆ ಬರ್ತದೆ’ ಎಂದರೆ ನಾಲ್ಕಾರು ಪಂಪು ಒಂದೇ ರಾತ್ರಿ ಕೆಟ್ಟಿರಲಾರವು. ಮೂರು ಫೇಸಿನ ಅಲೆಗಳು ಸರದಿಯಂತೆ ಏರಿಳಿದಾಗ ಕಾಯಿಲಿನೊಳಗೆ ಒಂದು ಕಾಂತಕ್ಷೇತ್ರ ಗಿರಗಿರನೆ ಸುತ್ತುತ್ತದೆ. 1880ರ ದಶಕದಲ್ಲಿ ಇಟಲಿಯ ಫೆರಾರಿಸ್, ಅಮೆರಿಕದಲ್ಲಿ ಟೆಸ್ಲಾ, ಒಬ್ಬರಿಗೊಬ್ಬರು ತಿಳಿಯದೆ ಕಂಡುಕೊಂಡ ಸಂಗತಿ ಇದು. ಸರದಿ ತಿರುವುಮುರುವಾದರೆ ಕ್ಷೇತ್ರವೂ ಅಪ್ರದಕ್ಷಿಣೆ ಹಾಕುತ್ತದೆ. ಇಂಪೆಲ್ಲರ್ ಹಿಂದುಮುಂದಾಗಿ ತಿರುಗಿದರೂ ನೀರನ್ನು ಒಂದಿಷ್ಟು ತಳ್ಳುತ್ತದೆ, ಮೇಲೆ ತಲುಪಿಸುವಷ್ಟು ಒತ್ತಡ ಇರುವುದಿಲ್ಲ. ಸ್ಟಾರ್ಟರಿನಲ್ಲಿ ಎರಡು ತಂತಿ ಬದಲಿಸಿದರೆ ಮುಗಿಯಿತು. ಅಷ್ಟರಲ್ಲಿ ಯಾರಾದರೂ ಒಬ್ಬರು ಮೋಟರು ಎತ್ತಿಸಿಯೇ ಇರುತ್ತಾರೆ.

ಕಿವಿಯ ಜತೆಗೆ ಎಣಿಕೆಯೂ ಬೇಕು. ಸ್ವಿಚ್ಚು ಒತ್ತಿದ ಎಷ್ಟು ಹೊತ್ತಿಗೆ ಬಾಯಲ್ಲಿ ನೀರು ಬಂತು? ಪಂಪಿನ ಮೇಲೆ ಎನ್‌ಆರ್‌ವಿ ಎಂಬ ಒಂದೇ ದಿಕ್ಕಿಗೆ ತೆರೆಯುವ ವಾಲ್ವು ಇರುತ್ತದೆ. ಅದು ಗಟ್ಟಿಯಿದ್ದರೆ ನಿಲ್ಲಿಸಿದಾಗಲೂ ಪೈಪಿನ ತುಂಬ ನೀರು ನಿಂತಿರುತ್ತದೆ, ಮುಂದಿನ ಸಲ ಸ್ವಿಚ್ಚಿನ ಹಿಂದೆಯೇ ನೀರು. ನೀರಿನ ಮಟ್ಟ 150 ಮೀಟರ್ ಕೆಳಗಿದ್ದು, ಎರಡಿಂಚಿನ ಪೈಪು ಖಾಲಿಯಾಗಿದ್ದರೆ ಅದನ್ನು ತುಂಬಲು ಹತ್ತಿರ ಹತ್ತಿರ 300 ಲೀಟರ್ ಬೇಕು; ಸೆಕೆಂಡಿಗೆ ಒಂದೂವರೆ ಲೀಟರ್ ಎತ್ತುವ ಪಂಪಿಗೆ ಅದು ಮೂರು ನಿಮಿಷದ ಕೆಲಸ. ದಿನಾ ತಕ್ಷಣ ಬರುತ್ತಿದ್ದ ನೀರು ಇವತ್ತು ಒಂದು ಬೀಡಿ ಸೇದಿ ಮುಗಿಸುವ ಹೊತ್ತಿಗೆ ಬಂತೆಂದರೆ ವಾಲ್ವು ಸೋರುತ್ತಿದೆ ಅಥವಾ ಪೈಪು ತೂತಾಗಿದೆ. ಇಂಥ ಬೋರಿನಲ್ಲಿ ಕರೆಂಟು ಹೋದ ಕೂಡಲೇ ನೀರಿನ ಕಂಬ ಕೆಳಗೆ ಧುಮುಕುತ್ತ ಪಂಪನ್ನು ಹಿಂದಕ್ಕೆ ತಿರುಗಿಸುತ್ತದೆ. ಆ ಹೊತ್ತಿಗೆ ಕರೆಂಟು ಮರಳಿ ಬಂದು ಆಟೋ ಸ್ಟಾರ್ಟರ್ ಮುಂದಕ್ಕೆ ಎಳೆದರೆ ಶಾಫ್ಟು ಮುರಿಯುತ್ತದೆ. ಆಟೋಗೆ ಒಂದೆರಡು ನಿಮಿಷದ ಟೈಮರ್ ಇಡುವುದು ಇದಕ್ಕಾಗಿ.

ಈ ಎಣಿಕೆ ತೋಟಕ್ಕಷ್ಟೇ ಸಲ್ಲುವುದಲ್ಲ. ವ್ಯಾನಿನೊಳಗೇ ಅಡುಗೆಮನೆ, ಹಾಸಿಗೆ ಮಾಡಿಕೊಂಡು ಊರೂರು ಸುತ್ತುವವರ ಗಾಡಿಯಲ್ಲಿ 12 ವೋಲ್ಟಿನ ಪುಟ್ಟ ಪಂಪೊಂದು ಇರುತ್ತದೆ. ನಲ್ಲಿ ತಿರುಗಿಸಿದರೆ ಒತ್ತಡ ಇಳಿದು ತಾನೇ ಓಡುತ್ತದೆ, ಮುಚ್ಚಿದರೆ ತಾನೇ ನಿಲ್ಲುತ್ತದೆ. ಬೆಂಗಳೂರಿನ ಮನೆಗಳ ಪ್ರೆಶರ್ ಪಂಪಿನದೂ ಇದೇ ನಡತೆ. ಎಲ್ಲ ನಲ್ಲಿ ಮುಚ್ಚಿದ ರಾತ್ರಿಯಲ್ಲೂ ಅದು ಆಗಾಗ ‘ಟಕ್’ ಎಂದು ಓಡಿ ನಿಂತರೆ ಎಲ್ಲೋ ನೀರು ಸೋರುತ್ತಿದೆ, ಇಲ್ಲವೇ ಅದರ ಎನ್‌ಆರ್‌ವಿ ಸಡಿಲ. ಓಡುತ್ತಲೇ ಇದ್ದು ನೀರು ಬರದಿದ್ದರೆ ಟ್ಯಾಂಕು ಬರಿದು, ಅಥವಾ ಹೀರುವ ಪೈಪಿನ ಕ್ಲಿಪ್ಪಿನಲ್ಲಿ ಗಾಳಿ ನುಗ್ಗುತ್ತಿದೆ. ಸಾಗ್ರೆಡೊನ ಕೆಲಸಗಾರ ಅಲ್ಲಿಗೂ ಬಂದು ಅದೇ ಮಾತು ಹೇಳಿಯಾನು.

ಇನ್ನು ಮನೆಯ ನಲ್ಲಿ. ತೆಂಗಿನ ಸೀಮೆಯ ಹಳೆಯ ಮನೆಗಳಲ್ಲಿ ನಲ್ಲಿಗೆ ಒತ್ತಡ ಸಾಲದಿರಲು ಕೊಬ್ಬರಿಯೂ ಒಂದು ಕಾರಣ ಎಂದರೆ ನಂಬಲಿಕ್ಕಿಲ್ಲ. ಹೆಂಚಿನ ಮಾಡಿನ ಕೆಳಗಿನ ಅಟ್ಟದಲ್ಲಿ ಸಾವಿರಗಟ್ಟಲೆ ಕಾಯಿ ಎಂಟು ತಿಂಗಳಿಂದ ವರ್ಷದವರೆಗೆ ಒಣಗುತ್ತಿರುತ್ತವೆ. ಅಲ್ಲಿ ಪೈಪು ಹಾಯಿಸಿ ಒಂದು ಜಾಯಿಂಟು ಬೆವರಿದರೂ ಬೂಷ್ಟು ಹಿಡಿದು ಕೊಬ್ಬರಿ ಕೆಡುತ್ತದೆ. ಮಾಡಿನ ಮೇಲೆ ಟ್ಯಾಂಕು ಕೂರಿಸಲೂ ಆಗದು. ಹಾಗಾಗಿ ಟ್ಯಾಂಕು ಹಿತ್ತಲಿನ ಕಲ್ಲುಕಟ್ಟೆಯ ಮೇಲೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಕೆಜಿ ಒತ್ತಡ. ಎರಡು ಮೀಟರಿನ ಕಟ್ಟೆಗೆ ಅದರ ಐದನೇ ಒಂದು ಪಾಲು. ಇಷ್ಟು ಮೆತ್ತನೆಯ ಒತ್ತಡದಲ್ಲಿ ಪೈಪು ಎಲ್ಲಾದರೂ ಬಾಗಿಲ ಚೌಕಟ್ಟು ಹತ್ತಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ಸೇರಿ ನೀರನ್ನು ಕಟ್ಟಿಹಾಕುತ್ತದೆ. ಟ್ಯಾಂಕು ತುಂಬಿದೆ, ನಲ್ಲಿ ಒಣಗಿದೆ! ಬೇರೊಂದು ಒತ್ತಡದ ನೀರಿನ ಟ್ಯೂಬನ್ನು ನಲ್ಲಿಯ ಬಾಯಿಗೆ ಒತ್ತಿ ಹಿಡಿದು ಹಿಂದಕ್ಕೆ ನೀರು ನುಗ್ಗಿಸಿದರೆ ಗಾಳಿ ಬುಳುಬುಳು ಎಂದು ಟ್ಯಾಂಕಿನಲ್ಲಿ ಏಳುತ್ತದೆ. ಆಮೇಲೆ ಗೂನು ತೆಗೆಸುವುದು, ಇಲ್ಲವೇ ಅದರ ನೆತ್ತಿಯಲ್ಲಿ ಗಾಳಿ ಬಿಡಲು ಒಂದು ಸಣ್ಣ ಕೊಳವೆ ನಿಲ್ಲಿಸುವುದು.

ಒತ್ತಡವಿದ್ದೂ ನೀರು ಎಳೆಯಾಗಿ ಬಂದರೆ ನಲ್ಲಿಯ ಬಾಯಿ ಬಿಚ್ಚಿ ನೋಡಬೇಕು. ಆಳದ ಬೋರಿನ ಗಡಸು ನೀರಿನ ಸುಣ್ಣ ಜಾಲರಿಯ ಕಣ್ಣುಗಳನ್ನು ಬಿಳಿಯಾಗಿ ಮುಚ್ಚಿರುತ್ತದೆ. ಹುಣಸೆಹಣ್ಣೋ ನಿಂಬೆಯೋ ಕಿವುಚಿದ ನೀರಿನಲ್ಲಿ ರಾತ್ರಿ ನೆನೆಹಾಕಿದರೆ ಕರಗುತ್ತದೆ. ಚಿಕ್ಕನಾಯಕನಹಳ್ಳಿ ಕಡೆ, ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಗುಡ್ಡಗಳ ಸಾಲಿನಲ್ಲಿ, ಕಬ್ಬಿಣ ಕರಗಿದ ನೀರು ಸಿಕ್ಕರೆ ಅದು ಬೋರಿನಿಂದ ಬರುವಾಗ ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿದ ಮೇಲೆ ಕೆಂಪು ಗಷ್ಟಾಗಿ ಟ್ಯಾಂಕಿನ ತಳ, ಪೈಪು, ಡ್ರಿಪ್ಪರುಗಳಲ್ಲಿ ಕೂರುತ್ತದೆ. ಡ್ರಿಪ್ಪು ಹಾಕಿದವರು ಫಿಲ್ಟರಿನ ಎರಡು ಪಕ್ಕದಲ್ಲೂ ಒತ್ತಡದ ಮೀಟರು ಇಟ್ಟುಕೊಂಡರೆ ಮರದ ಬುಡಕ್ಕೆ ಹೋಗಿ ಬಗ್ಗಿ ನೋಡುವ ಕೆಲಸ ಉಳಿಯುತ್ತದೆ: ಎರಡರ ನಡುವಿನ ಅಂತರ ಹೆಚ್ಚಿದರೆ ಫಿಲ್ಟರು ತೊಳೆಯುವ ದಿನ ಬಂತು. ಅಳಿಲು ಕಡಿದ ಪೈಪಿಗೆ ಮಾತ್ರ ಯಾವ ಮೀಟರೂ ಇಲ್ಲ.

ಸೋರುವ ನಲ್ಲಿಯ ಕಥೆ ಸಣ್ಣದು. ಒಳಗಿನ ರಬ್ಬರ್ ವಾಷರು ಸವೆದಿರುತ್ತದೆ. ಅದನ್ನು ಬದಲಿಸದೆ ಬಲವಾಗಿ ತಿರುಗಿಸುತ್ತ ಹೋದರೆ ಹಿತ್ತಾಳೆಯ ಕೂರುಗಟ್ಟಿಗೂ ಗಾಯವಾಗುತ್ತದೆ, ಆಮೇಲೆ ಹೊಸ ವಾಷರೂ ನಿಲ್ಲದು. ಕೆಳಗಿಟ್ಟ ಒಂದು ಲೀಟರಿನ ಚೊಂಬು ಗಂಟೆಗೆ ತುಂಬಿದರೆ ದಿನಕ್ಕೆ 24 ಲೀಟರ್. ಜಲಜೀವನ್ ಯೋಜನೆ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಲೆಕ್ಕ 55 ಲೀಟರ್.

ಮತ್ತೆ ರಾತ್ರಿಯ ಆ ಪಂಪ್‌ಹೌಸಿಗೆ. ಬ್ಯಾಟರಿ ಬೆಳಕಿನಲ್ಲಿ ಮುಳ್ಳು ಸರಿಯಾಗಿ ಗೀಟಿನ ಮೇಲೇ ಇದೆ. ಅಂದರೆ ಮೋಟರು ಕೆಲಸ ಮಾಡುತ್ತಿದೆ, ನೀರು ಎತ್ತುತ್ತಿದೆ; ಎತ್ತಿದ ನೀರು ಮೇಲೆ ಮಾತ್ರ ಬರುತ್ತಿಲ್ಲ. ಆಳು ಎದ್ದು ಕೇಸಿಂಗಿನ ಬಾಯಿಗೆ ಕಿವಿ ಇಡುತ್ತಾನೆ. ಗುಂಯ್ ಎಂಬುದರ ಹಿಂದೆ ಇನ್ನೊಂದು ಸದ್ದು: ಮಳೆಗಾಲದ ದೋಣಿಯಿಂದ ನೀರು ಬಿದ್ದಂತೆ ಸೋ ಎನ್ನುವುದು. ನೀರಿನ ಮಟ್ಟ ಎಷ್ಟಿದೆ ನೋಡೋಣವೆಂದು ಮಾಲೀಕ ಒಂದು ಕಲ್ಲು ಹುಡುಕಿದರೆ ಅವನು ತಡೆಯುತ್ತಾನೆ. ಪಂಪಿಗೂ ಬೋರಿನ ಗೋಡೆಗೂ ನಡುವಿನ ಸಂದಿ ಬೆರಳಗಲದ್ದು. ಅಲ್ಲಿ ಕಲ್ಲು ಸಿಕ್ಕಿದರೆ ಮೋಟರು ಮತ್ತೆಂದೂ ಮೇಲೆ ಬರಲಿಕ್ಕಿಲ್ಲ.

ಬೆಳಿಗ್ಗೆ ಗಾಡಿ ಬರುತ್ತದೆ. ಮೊದಲು ಮೇಲೆ ನೋಡಬೇಕು: ತೋಟದ ಮೇಲೆ ಹಾದ ಲೈನಿಗೆ 20 ಅಡಿಯ ಕಬ್ಬಿಣದ ಪೈಪು ತಾಗಿ ಸತ್ತವರಿದ್ದಾರೆ. ಅದಾದ ಮೇಲೆ ಕೆಳಗೆ: ಎತ್ತಿದ ಬೋರಿನ ಬಾಯಿ ಊಟದ ಹೊತ್ತಿಗೂ ತೆರೆದಿರಬಾರದು. ಮಕ್ಕಳು ಬಿದ್ದ ದುರಂತಗಳ ನಂತರ 2010ರಲ್ಲಿ ಸುಪ್ರೀಂ ಕೋರ್ಟೇ ಈ ಬಗ್ಗೆ ಸೂಚನೆಗಳನ್ನು ಕೊಟ್ಟಿದೆ. ಒಂದು ಪೈಪು, ಎರಡನೆಯದು, ಮೂರನೆಯದು. ಮೂರನೆಯದರ ಕಪ್ಲಿಂಗಿನ ಪಕ್ಕದಲ್ಲೇ ಹೆಬ್ಬೆರಳು ಹೋಗುವಷ್ಟು ಸೀಳು. ಮರೆ ಕೊರೆಯುವಾಗ ಪೈಪಿನ ದಪ್ಪ ಅಲ್ಲೇ ತೆಳುವಾಗುವುದು, ತುಕ್ಕು ಅಲ್ಲೇ ಮೊದಲು ತಿನ್ನುವುದು. 37 ಪೈಪು ಕೆಳಗೇ ಉಳಿದವು, ಮೋಟರಿಗೆ ಎಚ್ಚರವೂ ಆಗಲಿಲ್ಲ.

ಹೊಸ ಪೈಪು ತೊಡಿಸಿ ಸ್ವಿಚ್ಚು ಒತ್ತಿದ ಮೇಲೆ ನೀರು ಬರುವವರೆಗೆ ಆಳು ಎಣಿಸುತ್ತಾನೆ. ಸೀಳಿದ ಪೈಪನ್ನು ಮಾಲೀಕನ ಹೆಂಡತಿ ಆಗಲೇ ನೋಡಿಟ್ಟಿದ್ದಾಳೆ. ಕೆಟ್ಟ ಮೂರು ಅಡಿ ಕತ್ತರಿಸಿದರೆ ಕೊಟ್ಟಿಗೆಯ ಮೂಲೆಗೆ ಒಂದು ಕಂಬ ಆಯಿತು.